ಕರಾವಳಿಗೆ ಮಳೆ, ಘಟ್ಟಕ್ಕೆ ಹಿಮ

1846ರ ನವೆಂಬರ್ ತಿಂಗಳ ಆರಂಭ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಪರ್ವತಸಾಲಿನ ಪಶ್ಚಿಮ ತಪ್ಪಲಿನಲ್ಲಿ ಇಬ್ಬರು ಗಂಡಸರು ಸುರಿಯುವ ಮಳೆಯಲ್ಲೇ ಕುದುರೆಗಳ ಸಾಲನ್ನು ನಡೆಸಿಕೊಂಡು ಬೆಟ್ಟ ಹತ್ತುತ್ತಿದ್ದರು. ಕುದುರೆಗಳ ಬೆನ್ನ ಮೇಲೆ ಹಿಟ್ಟು ಮತ್ತು ಮಾಂಸದ ಹೊರೆ ಇತ್ತು. ಇಬ್ಬರಲ್ಲಿ ಒಬ್ಬನ ಹೆಸರು ಜೇಮ್ಸ್ ರೀಡ್. ಬೆಟ್ಟದ ಆಚೆ ಬದಿಯಲ್ಲಿ ಅವನ ಹೆಂಡತಿ ಮತ್ತು ನಾಲ್ವರು ಮಕ್ಕಳು ಎತ್ತಿನ ಗಾಡಿಗಳ ತಂಡವೊಂದರ ಜತೆ ಬರುತ್ತಿದ್ದರು. ಅವರಿಗೆ ಆಹಾರ ಮುಟ್ಟಿಸಿ, ಘಟ್ಟ ದಾಟಿಸಿ ಕರೆತರುವುದು ರೀಡ್‌ನ ಉದ್ದೇಶ.

ಮೇಲೇರುತ್ತ ಹೋದಂತೆ ಮಳೆ ಆಲಿಕಲ್ಲಿನಂತಾಯಿತು. ಇನ್ನೂ ಮೇಲೆ ಹೋದಾಗ ಹಿಮವಾಯಿತು. ಕೊನೆಗೆ ಕುದುರೆಗಳು ಹಿಮದಲ್ಲಿ ಹೂತುಕೊಂಡು ಒಂದು ಹೆಜ್ಜೆಯನ್ನೂ ಮುಂದಿಡದಾದವು. ನಡೆದು ಹೋಗುವ ಪ್ರಯತ್ನವೂ ವಿಫಲವಾಗಿ ಇಬ್ಬರೂ ಹಿಂದಿರುಗಿದರು.

ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಬೆಟ್ಟದ ಪೂರ್ವ ಬದಿಯಲ್ಲಿ ರೀಡ್‌ನ ಹೆಂಡತಿ ಮಕ್ಕಳಿದ್ದ ತಂಡ ಒಂದು ಸರೋವರದ ದಡಕ್ಕೆ ಬಂದು ತಲುಪಿತ್ತು. ಕಣಿವೆದಾರಿಯ ನೆತ್ತಿ ಅವರ ಕಣ್ಣೆದುರಿಗೇ ಇತ್ತು. ಅವರೂ ಹತ್ತಲು ಯತ್ನಿಸಿದರು. ನೆತ್ತಿಗೆ ಮೂರು ಮೈಲಿ ಇರುವಾಗ ಹಿಮದಡಿ ದಾರಿಯೇ ಕಾಣದೆ ಹಿಂದಿರುಗಿದರು. ಅವರಲ್ಲಿ ಬದುಕುಳಿದ ಮೊದಲಿಗರು ಆ ಬೆಟ್ಟ ಇಳಿದದ್ದು ಜನವರಿಯಲ್ಲಿ. ಕೊನೆಯವನು ಇಳಿದದ್ದು ಏಪ್ರಿಲ್‌ನಲ್ಲಿ. ಮನೆಬಿಟ್ಟು ಬಂದ ದಾರಿಯಲ್ಲೂ ಆ ಬೆಟ್ಟದಲ್ಲೂ ಸೇರಿ ತಂಡದ 87 ಮಂದಿಯಲ್ಲಿ 39 ಮಂದಿ ಸತ್ತರು.

ಅಮೆರಿಕದ ಇತಿಹಾಸದಲ್ಲಿ 'ಡಾನರ್ ತಂಡ' ಎಂದು ಹೆಸರಾದ ಈ ದುರಂತದ ಬಗ್ಗೆ ಬರೆದವರೆಲ್ಲ ಸಾಮಾನ್ಯವಾಗಿ ಹಸಿವಿನ ಬಗ್ಗೆ ಬರೆಯುತ್ತಾರೆ. ಆದರೆ ಅದರ ಮೂಲದಲ್ಲಿರುವುದು ಒಂದು ಹವಾಮಾನದ ಪ್ರಶ್ನೆ. ಸಮುದ್ರದಿಂದ ಬಂದ ಒಂದೇ ಬಿರುಗಾಳಿ ತಪ್ಪಲಿನಲ್ಲಿದ್ದವನಿಗೆ ಮಳೆಯಾಗಿಯೂ ಮೇಲಿದ್ದವರಿಗೆ ಹಿಮವಾಗಿಯೂ ಬಂದದ್ದು ಹೇಗೆ? ಅದು ಆ ವಾರವೇ ಬಂದದ್ದೇಕೆ?

ನಮ್ಮ ಘಟ್ಟದ ಹಾಗೆ, ಆದರೆ ತಿರುವುಮುರುವು

ಕ್ಯಾಲಿಫೋರ್ನಿಯಾದ ಭೂಗೋಳ ಕನ್ನಡಿಗರಿಗೆ ತೀರ ಅಪರಿಚಿತವೇನಲ್ಲ. ಪಶ್ಚಿಮಕ್ಕೆ ಸಮುದ್ರ, ಅದರ ಪಕ್ಕ ಕರಾವಳಿ, ಒಳಗೆ ಉತ್ತರ ದಕ್ಷಿಣವಾಗಿ ಗೋಡೆಯಂತೆ ನಿಂತ ಬೆಟ್ಟಸಾಲು, ಅದರಾಚೆ ಒಣನಾಡು. ನಮ್ಮಲ್ಲಿ ಅರಬ್ಬಿ ಸಮುದ್ರ, ಸಹ್ಯಾದ್ರಿ, ಬಯಲುಸೀಮೆ. ಅಲ್ಲಿ ಪೆಸಿಫಿಕ್ ಸಾಗರ, ಸಿಯೆರಾ ನೆವಾಡ, ನೆವಾಡ ರಾಜ್ಯದ ಮರುಭೂಮಿ. ಎರಡೂ ಕಡೆ ಸಮುದ್ರದ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರಿ, ತಣಿದು, ಹೊತ್ತ ತೇವವನ್ನೆಲ್ಲ ಇಳಿಸಿಬಿಡುತ್ತದೆ. ಆಗುಂಬೆಯಲ್ಲಿ ಜಡಿಮಳೆ ಹಿಡಿದಾಗ ಚಳ್ಳಕೆರೆಯಲ್ಲಿ ಜನ ಆಕಾಶ ನೋಡುವುದು ಈ ಕಾರಣಕ್ಕೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವರ್ಷಕ್ಕೆ ಸುಮಾರು 23 ಅಂಗುಲ ಮಳೆಯಾದರೆ, ಬೆಟ್ಟದಾಚೆಯ ರೀನೊ ಪಟ್ಟಣಕ್ಕೆ ಏಳೆಂಟು ಅಂಗುಲ ಮಾತ್ರ. ಮಳೆನೆರಳಿನ ಪಾಠ ಎರಡೂ ನಾಡಿನಲ್ಲಿ ಒಂದೇ.

ಎರಡು ವ್ಯತ್ಯಾಸಗಳಿವೆ. ಸಹ್ಯಾದ್ರಿಯ ಕಡಿದಾದ ಬದಿ ಸಮುದ್ರದ ಕಡೆಗಿದೆ, ಇಳಿಜಾರಿನ ಬದಿ ಪೂರ್ವಕ್ಕಿದೆ. ಸಿಯೆರಾ ಇದಕ್ಕೆ ತಿರುವುಮುರುವು. ಅದು ಸಮುದ್ರದ ಕಡೆಯಿಂದ ನಿಧಾನವಾಗಿ ಏರುತ್ತದೆ, ಪೂರ್ವಕ್ಕೆ ಧುಮುಕುತ್ತದೆ. ಹೀಗಾಗಿ ಪೂರ್ವದಿಂದ ಬರುವ ವಲಸಿಗರಿಗೆ ಎರಡು ಸಾವಿರ ಮೈಲಿಗಳ ಪಯಣದ ಕೊನೆಯಲ್ಲಿ, ಎತ್ತುಗಳು ಸೋತು ನಿಂತಿರುವಾಗ, ಎದುರಾಗುತ್ತಿದ್ದುದು ಕರಿಕಲ್ಲಿನ ಗೋಡೆ. ಇಂದು ಡಾನರ್ ಸರೋವರ ಎನ್ನಲಾಗುವ ನೀರಿನ ಮಟ್ಟ ಸಮುದ್ರಮಟ್ಟದಿಂದ 5,900 ಅಡಿಗೂ ಹೆಚ್ಚು. ಅಲ್ಲಿಂದ ಮೂರ್ನಾಲ್ಕು ಮೈಲಿಗಳಲ್ಲಿ 7,000 ಅಡಿ ದಾಟಿದ ಕಣಿವೆದಾರಿಗೆ ಏರಬೇಕು.

ಎರಡನೆಯ ವ್ಯತ್ಯಾಸ ಕಾಲದ್ದು. ನಮ್ಮ ಮುಂಗಾರು ಬೇಸಿಗೆ ಮುಗಿದೊಡನೆ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯಿಡೀ ಒಣಹವೆ. ಮಳೆಗಾಲ ಶುರುವಾಗುವುದು ನಾವು ದೀಪಾವಳಿ ಹಬ್ಬದ ಸಿದ್ಧತೆಯಲ್ಲಿರುವಾಗ. ನಮ್ಮ ರೈತರ ಲೆಕ್ಕದಲ್ಲಿ ಹೇಳುವುದಾದರೆ, ಚಿತ್ತೆ ಸ್ವಾತಿ ಮಳೆಗಳ ಹೊತ್ತಿಗೆ.

ಬೀಗ ತೆರೆಯುವ ಹೊತ್ತು

ಬೇಸಿಗೆಯಲ್ಲಿ ಉತ್ತರ ಪೆಸಿಫಿಕ್ ಸಾಗರದ ಮೇಲೆ ಅಧಿಕ ಒತ್ತಡದ ದೊಡ್ಡದೊಂದು ವಲಯ ಕೂತಿರುತ್ತದೆ. ಅಧಿಕ ಒತ್ತಡವೆಂದರೆ ಗಾಳಿ ಮೇಲಿನಿಂದ ಕೆಳಕ್ಕೆ ಇಳಿಯುತ್ತಿದೆ ಎಂದರ್ಥ. ಇಳಿಯುವ ಗಾಳಿ ಬಿಸಿಯಾಗುತ್ತದೆ, ಒಣಗುತ್ತದೆ. ಅಲ್ಲಿ ಮಳೆಮೋಡ ಕಟ್ಟುವುದಿಲ್ಲ. ಪಶ್ಚಿಮದಿಂದ ಬರುವ ಬಿರುಗಾಳಿಗಳು ಈ ವಲಯಕ್ಕೆ ಬಡಿದು ಉತ್ತರಕ್ಕೆ, ಅಲಾಸ್ಕ ಮತ್ತು ಕೆನಡದ ಕಡೆಗೆ ಸರಿದುಹೋಗುತ್ತವೆ. ಕ್ಯಾಲಿಫೋರ್ನಿಯಾದ ಮಳೆಬಾಗಿಲಿಗೆ ಹೀಗೆ ಆರು ತಿಂಗಳು ಬೀಗ ಬಿದ್ದಿರುತ್ತದೆ.

ಸೂರ್ಯ ದಕ್ಷಿಣಕ್ಕೆ ವಾಲಿದಂತೆ ಈ ವಲಯವೂ ದಕ್ಷಿಣಕ್ಕೆ ಸರಿದು ಸೊರಗುತ್ತದೆ. ಅತ್ತ ಉತ್ತರ ಧ್ರುವದ ಕಡೆ ಹಗಲು ಕುಗ್ಗಿ ಗಾಳಿ ತಣ್ಣಗಾಗುತ್ತದೆ. ಆದರೆ ಬೇಸಿಗೆಯ ಬಿಸಿ ಉಂಡ ಸಾಗರ ಅಷ್ಟು ಬೇಗ ತಣ್ಣಗಾಗುವುದಿಲ್ಲ. ಉತ್ತರದ ಶೀತ ಗಾಳಿ ಮತ್ತು ದಕ್ಷಿಣದ ಬೆಚ್ಚನೆಯ ಗಾಳಿ ಎದುರುಬದುರಾಗುವ ಗಡಿಯಲ್ಲಿ ವಾಯುಭಾರ ಕುಸಿತಗಳು ಹುಟ್ಟುತ್ತವೆ. ಅಲಾಸ್ಕ ಕೊಲ್ಲಿ ಇವುಗಳ ದೊಡ್ಡ ಕಾರ್ಯಕ್ಷೇತ್ರ. ಹಲವು ಮೈಲಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಹರಿಯುವ ಜೆಟ್ ಪ್ರವಾಹವೆಂಬ ಗಾಳಿಯ ಹೊಳೆ ಅವುಗಳನ್ನು ಎಳೆದುಕೊಂಡು ಬಂದು ಕರಾವಳಿಗೆ ಅಪ್ಪಳಿಸುತ್ತದೆ.

ನಮ್ಮ ಬಂಗಾಳ ಕೊಲ್ಲಿಯ ಚಂಡಮಾರುತಕ್ಕೂ ಇದಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. ಚಂಡಮಾರುತ ಬೆಚ್ಚನೆಯ ಸಮುದ್ರದ ಶಾಖವನ್ನೇ ಉಂಡು ಬೆಳೆಯುತ್ತದೆ, ಅದರ ಒಡಲು ಬಿಸಿ. ಉತ್ತರ ಪೆಸಿಫಿಕ್‌ನ ಶರತ್ಕಾಲದ ಬಿರುಗಾಳಿ ಬಿಸಿ ಮತ್ತು ತಂಪು ಗಾಳಿಗಳ ಜಗಳದಿಂದ ಹುಟ್ಟುತ್ತದೆ. ಅದರ ಮುಂಭಾಗದಲ್ಲಿ ತೇವಭರಿತ ಗಾಳಿ, ಹಿಂಭಾಗದಲ್ಲಿ ಕೊರೆಯುವ ಶೀತ. ಮಳೆ ಶುರುವಾದಾಗ ಅಷ್ಟೇನೂ ಚಳಿ ಇರುವುದಿಲ್ಲ. ಶೀತದ ಗಡಿ ಹಾದುಹೋದ ಮೇಲೆ ಉಷ್ಣಾಂಶ ಕೆಲವೇ ಗಂಟೆಗಳಲ್ಲಿ ಕುಸಿಯುತ್ತದೆ. ಸಂಜೆ ಮಳೆಯಲ್ಲಿ ನೆನೆದು ಮಲಗಿದ ಪ್ರಯಾಣಿಕ ಬೆಳಗ್ಗೆ ಎದ್ದಾಗ ಹೊದಿಕೆಯ ಮೇಲೆ ಹಿಮ ಬಿದ್ದಿರುವುದು ಹೀಗೆ.

ಎಲ್ಲ ಹನಿಯೂ ಮೊದಲು ಹಿಮವೇ

ಇಲ್ಲೊಂದು ಅಚ್ಚರಿಯ ಸಂಗತಿ ಇದೆ. ಬೆಟ್ಟದ ಮೇಲೆ ಹಿಮ ಏಕೆ ಬೀಳುತ್ತದೆ ಎಂದು ನಾವು ಕೇಳುತ್ತೇವೆ. ನಿಜವಾಗಿ ಕೇಳಬೇಕಾದದ್ದು, ಕರಾವಳಿಯಲ್ಲಿ ಹಿಮ ಏಕೆ ಬೀಳುವುದಿಲ್ಲ ಎಂದು. ಏಕೆಂದರೆ ಇಂಥ ಬಿರುಗಾಳಿಗಳಲ್ಲಿ ಬೀಳುವ ಬಹುಪಾಲು ಮಳೆಹನಿ ಎತ್ತರದ ಮೋಡದಲ್ಲಿ ಹುಟ್ಟುವಾಗ ಹಿಮದ ಹರಳೇ ಆಗಿರುತ್ತದೆ. ಅದು ಕೆಳಗಿಳಿಯುತ್ತ, ಉಷ್ಣಾಂಶ ಸೊನ್ನೆ ಡಿಗ್ರಿ ಸೆಲ್ಸಿಯಸ್ ದಾಟುವ ಮಟ್ಟಕ್ಕೆ ಬಂದು ಕರಗಿ ನೀರಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೊಡೆ ಹಿಡಿದು ಹೋಗುವವನ ಮೇಲೆ ಬೀಳುವುದು ಕರಗಿದ ಹಿಮ. ಬೆಟ್ಟ ಮಾಡುವುದಿಷ್ಟೆ: ಹರಳು ಕರಗುವ ಮಟ್ಟ ತಲುಪುವ ಮೊದಲೇ ಅಡ್ಡ ನಿಂತು ಅದನ್ನು ಹಿಡಿದುಕೊಳ್ಳುತ್ತದೆ.

ಈ ಮಟ್ಟಕ್ಕೆ ಹಿಮದ ಗೆರೆ ಎನ್ನೋಣ. ಗಾಳಿ ಮೇಲೇರಿದಂತೆ ಒತ್ತಡ ಕಡಿಮೆಯಾಗಿ ಹಿಗ್ಗುತ್ತದೆ, ಹಿಗ್ಗಿದಂತೆ ತಣಿಯುತ್ತದೆ. ಸರಾಸರಿ ಲೆಕ್ಕದಲ್ಲಿ ಪ್ರತಿ ಸಾವಿರ ಅಡಿಗೆ ಸುಮಾರು ಎರಡು ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕಡಲತೀರದಲ್ಲಿ ಹತ್ತು ಡಿಗ್ರಿ ಇದ್ದರೆ ಐದು ಸಾವಿರ ಅಡಿಯ ಸುಮಾರಿಗೆ ನೀರು ಹೆಪ್ಪುಗಟ್ಟುವ ಚಳಿ. ಹವಾಯಿ ದ್ವೀಪಗಳ ಕಡೆಯಿಂದ ಬರುವ ಬೆಚ್ಚನೆಯ ಬಿರುಗಾಳಿಯಲ್ಲಿ ಹಿಮದ ಗೆರೆ ಎಂಟು ಸಾವಿರ ಅಡಿಗೂ ಮೇಲಕ್ಕೆ ಹೋಗುವುದುಂಟು. ಅಲಾಸ್ಕ ಕೊಲ್ಲಿಯ ಶೀತ ಬಿರುಗಾಳಿಯಲ್ಲಿ ಮೂರು ನಾಲ್ಕು ಸಾವಿರ ಅಡಿಗೆ ಇಳಿಯುವುದೂ ಉಂಟು. ಬೆಟ್ಟದ ದಾರಿ ತೆರೆದಿದೆಯೋ ಮುಚ್ಚಿದೆಯೋ ಎಂಬುದು ಈ ಕಣ್ಣಿಗೆ ಕಾಣದ ಗೆರೆಯ ಮೇಲೆ ನಿಂತಿದೆ.

ಹಾಗಾದರೆ ನಮ್ಮ ಘಟ್ಟದಲ್ಲಿ ಹಿಮ ಏಕಿಲ್ಲ? ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಡಾನರ್ ಕಣಿವೆದಾರಿ ಸುಮಾರು 2,150 ಮೀಟರ್. ಅಂತರ ಹೆಚ್ಚಿಲ್ಲ. ಆದರೆ ಮುಳ್ಳಯ್ಯನಗಿರಿ ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಡಾನರ್ ಕಣಿವೆ 39 ಡಿಗ್ರಿಯಲ್ಲಿ. ನಮ್ಮ ಮಳೆಗಾಲದಲ್ಲಿ ಹಿಮದ ಗೆರೆ ಸುಮಾರು ಐದು ಕಿಲೊಮೀಟರ್ ಎತ್ತರದಲ್ಲಿರುತ್ತದೆ. ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಇಟ್ಟರೂ ಅದು ನಿಲುಕುವುದಿಲ್ಲ. ನಮ್ಮ ಘಟ್ಟದ ದಾರಿ ಮುಚ್ಚುವುದು ಮಣ್ಣು ಕುಸಿದಾಗ. ಸಿಯೆರಾದ ದಾರಿ ಮುಚ್ಚುವುದು ಗೆರೆ ಇಳಿದಾಗ. ಸಿಯೆರಾ ನೆವಾಡ ಎಂಬ ಸ್ಪ್ಯಾನಿಷ್ ಹೆಸರಿನ ಅರ್ಥವೇ ಹಿಮ ಹೊದ್ದ ಬೆಟ್ಟಸಾಲು.

ಸಮುದ್ರಕ್ಕೆ ಹತ್ತಿರವಿರುವುದರಿಂದ ಇಲ್ಲಿ ಬೀಳುವ ಹಿಮ ನೀರು ತುಂಬಿದ ಭಾರದ ಹಿಮ. ಒಳನಾಡಿನ ಹಿಮದಂತೆ ಅರಳೆಯಾಗಿ ಹಾರುವುದಿಲ್ಲ. ಹಿಮಜಾರಾಟದವರು ಅದನ್ನು 'ಸಿಯೆರಾ ಸಿಮೆಂಟ್' ಎಂದು ಕರೆಯುತ್ತಾರೆ. ಅದರಲ್ಲಿ ಸೊಂಟದವರೆಗೆ ಹೂತು ನಡೆಯುವುದು ಎಂದರೆ ಏನೆಂದು ಈ ಹೆಸರೇ ಹೇಳುತ್ತದೆ.

ಹತ್ತಿರದ ದಾರಿ

ಡಾನರ್ ತಂಡದ ಮುಖ್ಯ ಕುಟುಂಬಗಳು 1846ರ ಏಪ್ರಿಲ್‌ನಲ್ಲಿ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಿಂದ ಹೊರಟವು. ಆ ಕಾಲದ ವಲಸಿಗರಿಗೆಲ್ಲ ಒಂದು ಲೆಕ್ಕ ಗೊತ್ತಿತ್ತು. ತೀರ ಬೇಗ ಹೊರಟರೆ ಎತ್ತುಗಳಿಗೆ ದಾರಿಯಲ್ಲಿ ಹುಲ್ಲು ಸಿಗದು. ತಡವಾದರೆ ಸಿಯೆರಾದಲ್ಲಿ ಹಿಮ. ಈ ಎರಡರ ನಡುವಿನ ನಾಲ್ಕೈದು ತಿಂಗಳಲ್ಲಿ ಪಯಣ ಮುಗಿಯಬೇಕು.

ಲ್ಯಾನ್ಸ್‌ಫರ್ಡ್ ಹೇಸ್ಟಿಂಗ್ಸ್ ಎಂಬಾತ 1845ರಲ್ಲಿ ವಲಸಿಗರಿಗಾಗಿ ಒಂದು ಕೈಪಿಡಿ ಪ್ರಕಟಿಸಿದ್ದ. ದೊಡ್ಡ ಉಪ್ಪಿನ ಸರೋವರದ ದಕ್ಷಿಣಕ್ಕೆ ಹೋದರೆ ಕ್ಯಾಲಿಫೋರ್ನಿಯಾ ಹತ್ತಿರವಾಗುತ್ತದೆ ಎಂದು ಅದರಲ್ಲಿ ಸೂಚಿಸಿದ್ದ. ಬರೆಯುವಾಗ ಆತ ಸ್ವತಃ ಆ ದಾರಿಯಲ್ಲಿ ಹೋಗಿರಲಿಲ್ಲ. ಮರುವರ್ಷ ಆ ದಾರಿಯಲ್ಲಿ ಬಂದ ಜೇಮ್ಸ್ ಕ್ಲೈಮನ್ ಎಂಬ ಬೆಟ್ಟನಾಡಿನ ಅನುಭವಿ, ಗಾಡಿಗಳಿಗೆ ಅದು ಆಗದ ಮಾತು, ಹಳೆಯ ದಾರಿಯನ್ನೇ ಹಿಡಿಯಿರಿ ಎಂದು ರೀಡ್‌ಗೆ ನೇರವಾಗಿ ಎಚ್ಚರಿಸಿದ್ದ. ರೀಡ್ ಕೇಳಲಿಲ್ಲ. ಜುಲೈ ಕೊನೆಯಲ್ಲಿ ತಂಡ ಹತ್ತಿರದ ದಾರಿ ಹಿಡಿಯಿತು. ಹಳೆಯ ದಾರಿ ಹಿಡಿದ ಇತರ ಗಾಡಿಗಳು ಹಿಮಕ್ಕೆ ಮೊದಲೇ ಘಟ್ಟ ದಾಟಿದವು.

ವಾಸಾಚ್ ಬೆಟ್ಟಗಳಲ್ಲಿ ದಾರಿಯೇ ಇರಲಿಲ್ಲ. ಮರ ಕಡಿದು, ಬಂಡೆ ಉರುಳಿಸಿ ದಾರಿ ಮಾಡಿಕೊಳ್ಳಬೇಕಾಯಿತು. ಆಮೇಲೆ ಉಪ್ಪಿನ ಮರುಭೂಮಿ. ಹೇಸ್ಟಿಂಗ್ಸ್ ಹೇಳಿದ 40 ಮೈಲಿ ನಿಜದಲ್ಲಿ 80 ಮೈಲಿಯಾಗಿತ್ತು. ನೀರಿಲ್ಲದೆ ಎತ್ತುಗಳು ದಿಕ್ಕಾಪಾಲಾದವು, ಗಾಡಿಗಳನ್ನು ಬಿಟ್ಟು ನಡೆಯಬೇಕಾಯಿತು. ಹಳೆಯ ದಾರಿಗೆ ಮತ್ತೆ ಬಂದು ಸೇರಿದ್ದು ಸೆಪ್ಟೆಂಬರ್ ಕೊನೆಗೆ. ಮೂರು ವಾರಕ್ಕೂ ಹೆಚ್ಚು ಸಮಯ ಕೈಬಿಟ್ಟಿತ್ತು.

ದಣಿವಿನ ಜತೆ ಜಗಳವೂ ಬಂತು. ಅಕ್ಟೋಬರ್ 5ರಂದು ಗಾಡಿ ಹೊಡೆಯುವವನೊಬ್ಬನ ಜತೆಗಿನ ಕೈಕೈ ಮಿಲಾವಣೆಯಲ್ಲಿ ರೀಡ್ ಅವನನ್ನು ಇರಿದು ಕೊಂದ. ತಂಡ ರೀಡ್‌ನನ್ನು ಹೊರಹಾಕಿತು. ಆತ ಮುಂದೆ ಹೋಗಿ, ಅಕ್ಟೋಬರ್ 28ರಂದು ಈಗಿನ ಸ್ಯಾಕ್ರಮೆಂಟೊ ನಗರದಲ್ಲಿರುವ ಸಟರ್ ಕೋಟೆಯನ್ನು ತಲುಪಿದ. ಶಿಕ್ಷೆಯೆಂದು ಹೊರಗಟ್ಟಿದ್ದೇ ಮುಂದೆ ಅವನ ಸಂಸಾರಕ್ಕೆ ನೆರವಾದದ್ದು ಈ ಕಥೆಯ ವಿಚಿತ್ರಗಳಲ್ಲಿ ಒಂದು.

ಉಳಿದವರು ಅಕ್ಟೋಬರ್ ಮೂರನೆಯ ವಾರ ಈಗಿನ ರೀನೊ ಬಳಿಯ ಹುಲ್ಲುಗಾವಲು ತಲುಪಿದರು. ಎತ್ತುಗಳು ಬಡಕಲಾಗಿದ್ದವು. ಇನ್ನೊಂದೇ ಬೆಟ್ಟ, ಹಿಮ ಬೀಳಲು ಇನ್ನೂ ಸಮಯವಿದೆ ಎಂದುಕೊಂಡು ಕೆಲವು ದಿನ ಮೇಯಲು ಬಿಟ್ಟರು. ಸೋತ ಎತ್ತನ್ನು ಬೆಟ್ಟ ಹತ್ತಿಸಲಾಗದು ಎಂಬುದು ಯಾವ ರೈತನಾದರೂ ಒಪ್ಪುವ ಮಾತು. ಆ ದಿನಗಳಲ್ಲಿ ಅಲಾಸ್ಕದ ಕಡೆಯಿಂದ ಹೊರಟ ಬಿರುಗಾಳಿಯ ಸುದ್ದಿ ಹೇಳುವ ಸಾಧನ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ.

ಆ ಚಳಿಗಾಲ

ಅಕ್ಟೋಬರ್ 31ರ ಹೊತ್ತಿಗೆ ಮುಂಚೂಣಿಯ ಗಾಡಿಗಳು ಸರೋವರ ತಲುಪಿದ್ದವು. ಡಾನರ್ ಸಹೋದರರ ಸಂಸಾರಗಳು ಗಾಡಿಯ ಅಚ್ಚು ಮುರಿದು ಆರು ಮೈಲಿ ಹಿಂದೆ, ಆಲ್ಡರ್ ಹಳ್ಳದ ಬಳಿ ಉಳಿದಿದ್ದವು. ನೆತ್ತಿ ದಾಟುವ ಪ್ರಯತ್ನಗಳು ವಿಫಲವಾದ ಮೇಲೆ ಎಲ್ಲರೂ ಸಿಕ್ಕಿದ್ದನ್ನು ಬಳಸಿ ಗುಡಿಸಲು ಕಟ್ಟಿಕೊಂಡರು. ಒಂದು ಗುಡಿಸಲು ಎರಡು ವರ್ಷ ಹಿಂದಿನದು. 1844ರಲ್ಲಿ ಮೊದಲ ಬಾರಿಗೆ ಗಾಡಿಗಳೊಂದಿಗೆ ಈ ಕಣಿವೆ ದಾಟಿದ ತಂಡವೂ ಹಿಮಕ್ಕೆ ಸಿಕ್ಕಿತ್ತು. ಆಗ ಮೋಸಸ್ ಶಾಲೆನ್‌ಬರ್ಗರ್ ಎಂಬ 17 ವರ್ಷದ ಹುಡುಗ ಅದೇ ಗುಡಿಸಲಿನಲ್ಲಿ ಒಬ್ಬಂಟಿಯಾಗಿ ನರಿಗಳಿಗೆ ಬೋನು ಒಡ್ಡಿ ಚಳಿಗಾಲ ಕಳೆದಿದ್ದ.

ಬಿರುಗಾಳಿ ಒಂದಾದ ಮೇಲೊಂದು ಬಂದವು. ಪ್ಯಾಟ್ರಿಕ್ ಬ್ರೀನ್ ಎಂಬ ಐರಿಷ್ ವಲಸಿಗ ನವೆಂಬರ್ 20ರಿಂದ ದಿನಚರಿ ಬರೆಯತೊಡಗಿದ. ಅದರ ತುಂಬ ಗಾಳಿಯ ದಿಕ್ಕು, ಹಿಮದ ಆಳ, ಉಳಿದ ಮಾಂಸದ ಲೆಕ್ಕ. ಎತ್ತುಗಳು ಹಿಮದಡಿ ಹೂತುಹೋಗಿ, ಕೋಲು ಚುಚ್ಚಿ ಹುಡುಕಿದರೂ ಸಿಗದಾದವು. ಕೊನೆಗೆ ಚಾವಣಿಗೆ ಹೊದಿಸಿದ್ದ ತೊಗಲನ್ನು ಬೇಯಿಸಿ ತಿಂದರು. ಸಿಕ್ಕಿಬಿದ್ದವರಲ್ಲಿ ಅರ್ಧದಷ್ಟು ಮಂದಿ ಮಕ್ಕಳು.

ಡಿಸೆಂಬರ್ 16ರಂದು 17 ಮಂದಿ ಹಿಮಪಾದುಕೆ ಕಟ್ಟಿಕೊಂಡು ನೆರವು ತರಲು ಹೊರಟರು. ಇಬ್ಬರು ಬೇಗನೆ ಹಿಂದಿರುಗಿದರು. ಉಳಿದ 15 ಮಂದಿಯಲ್ಲಿ ತಿಂಗಳ ನಂತರ ಬೆಟ್ಟ ಇಳಿದವರು ಐವರು ಹೆಂಗಸರು, ಇಬ್ಬರು ಗಂಡಸರು. ದಾರಿಯಲ್ಲಿ ಸತ್ತವರ ಮಾಂಸವೇ ಅವರನ್ನು ಉಳಿಸಿತ್ತು. ಇದಕ್ಕಿಂತ ಘೋರವಾದದ್ದೂ ನಡೆಯಿತು. ಸಟರ್ ಕೋಟೆಯಿಂದ ಈ ತಂಡಕ್ಕೆ ಆಹಾರ ಹೊತ್ತು ಬಂದು ಸಿಕ್ಕಿಕೊಂಡಿದ್ದ ಲೂಯಿಸ್ ಮತ್ತು ಸಾಲ್ವಡಾರ್ ಎಂಬ ಇಬ್ಬರು ಮಿವೊಕ್ ಮೂಲನಿವಾಸಿಗಳನ್ನು ಗುಂಡಿಟ್ಟು ಕೊಲ್ಲಲಾಯಿತು. ನೆರವಿಗೆ ಬಂದವರ ಗತಿ ಇದಾಯಿತು. ಹಾಗಿದ್ದೂ ಅಳಿದುಳಿದವರಿಗೆ ಮೊದಲು ತಿನ್ನಲು ಕೊಟ್ಟು ಬಿಳಿಯರ ಮನೆಯವರೆಗೆ ಮುಟ್ಟಿಸಿದವರು ತಪ್ಪಲಿನ ಮೂಲನಿವಾಸಿ ಹಳ್ಳಿಗರೇ.

ರೀಡ್ ನವೆಂಬರ್‌ನಲ್ಲೇ ಮಳೆಯಲ್ಲಿ ಹಿಂದಿರುಗಿದ್ದನಲ್ಲ, ಆಮೇಲೇನಾಯಿತು? ತಂಡದಲ್ಲಿ ಇರುವ ದನಗಳನ್ನು ಕೊಂದು ಮಾಂಸ ಉಳಿಸಿಕೊಂಡರೆ ಚಳಿಗಾಲ ಕಳೆಯಬಹುದು ಎಂದು ಸಟರ್ ಲೆಕ್ಕ ಹಾಕಿ ಸಮಾಧಾನ ಹೇಳಿದ. ಮರುಭೂಮಿಯಲ್ಲಿ ಎಷ್ಟು ದನ ಸತ್ತವು, ಹಿಮದಲ್ಲಿ ಎಷ್ಟು ಹೂತವು ಎಂಬುದು ತಪ್ಪಲಿನಲ್ಲಿ ಕೂತವರ ಲೆಕ್ಕಕ್ಕೆ ಬಂದಿರಲಿಲ್ಲ. ಮೆಕ್ಸಿಕೊ ಜತೆ ಯುದ್ಧ ನಡೆಯುತ್ತಿದ್ದುದರಿಂದ ಗಟ್ಟಿಮುಟ್ಟಾದ ಗಂಡಸರು ಯಾರೂ ಸಿಗಲಿಲ್ಲ. ಮೊದಲ ರಕ್ಷಣಾ ತಂಡ ಸರೋವರ ತಲುಪಿದ್ದು 1847ರ ಫೆಬ್ರುವರಿ 18ರಂದು. ರೀಡ್ ಎರಡನೆಯ ತಂಡದ ಮುಂದಾಳಾಗಿ ಹೋದ. ಕೆಳಗಿಳಿದು ಬರುತ್ತಿದ್ದ ಹೆಂಡತಿಯನ್ನು ಹಿಮದ ದಾರಿಯಲ್ಲೇ ಎದುರುಗೊಂಡ. ಅವನ ನಾಲ್ವರು ಮಕ್ಕಳೂ ಉಳಿದರು. ಕೊನೆಯವನನ್ನು ಇಳಿಸಿಕೊಂಡು ಬಂದಾಗ ಏಪ್ರಿಲ್ ಆಗಿತ್ತು.

ಗೊತ್ತಿದ್ದವರು

ಈ ಬಿರುಗಾಳಿ ಎಲ್ಲರಿಗೂ ಅನಿರೀಕ್ಷಿತವಾಗಿರಲಿಲ್ಲ. ಆ ಸೀಮೆಯ ಮೂಲನಿವಾಸಿಗಳಾದ ವಾಶೊ ಜನ ಬೇಸಿಗೆಯಲ್ಲಿ ಟಾಹೊ ಸರೋವರದ ದಂಡೆಯಲ್ಲಿ ಮೀನು ಹಿಡಿದು, ಶರತ್ಕಾಲದಲ್ಲಿ ಪೈನ್ ಕಾಯಿಯ ಬೀಜ ಕೂಡಿಟ್ಟುಕೊಂಡು, ಹಿಮ ಬೀಳುವ ಮೊದಲೇ ಪೂರ್ವದ ತಗ್ಗಿನ ಕಣಿವೆಗಳಿಗೆ ಇಳಿದುಬಿಡುತ್ತಿದ್ದರು. ಬೆಟ್ಟ ಅವರಿಗೆ ದಾಟಬೇಕಾದ ಅಡ್ಡಿಯಾಗಿರಲಿಲ್ಲ. ಅದು ಅವರ ಕ್ಯಾಲೆಂಡರೇ ಆಗಿತ್ತು. ಸಿಕ್ಕಿಬಿದ್ದ ಬಿಳಿಯರಿಗೆ ತಮ್ಮ ಹಿರಿಯರು ಆಹಾರ ಕೊಡಲು ಹೋಗಿದ್ದರು, ಆದರೆ ಅವರು ಹತ್ತಿರ ಸೇರಿಸಲಿಲ್ಲ ಎಂಬ ನೆನಪು ವಾಶೊ ಜನರ ಬಾಯಿಮಾತಿನ ಪರಂಪರೆಯಲ್ಲಿದೆ.

2003 ಮತ್ತು 2004ರಲ್ಲಿ ಆಲ್ಡರ್ ಹಳ್ಳದ ಬಳಿ ಪುರಾತತ್ವಜ್ಞರು ಉತ್ಖನನ ನಡೆಸಿದರು. ಸುಟ್ಟು ಚೂರಾದ ಸಾವಿರಾರು ಮೂಳೆಯ ತುಣುಕುಗಳು ಸಿಕ್ಕವು. ಗುರುತಿಸಲಾದವುಗಳಲ್ಲಿ ದನ, ಕುದುರೆ, ಜಿಂಕೆ ಮತ್ತು ನಾಯಿಯ ಮೂಳೆಗಳಿದ್ದವು, ಮನುಷ್ಯನದು ಕಾಣಲಿಲ್ಲ. ಇದರಿಂದ ಅಲ್ಲಿ ನರಮಾಂಸ ಸೇವನೆ ನಡೆಯಲೇ ಇಲ್ಲ ಎಂದು ಹೇಳಲಾಗದು. ಆ ಮಣ್ಣಿನಲ್ಲಿ ಬೇಯಿಸಿದ ಮೂಳೆ ಮಾತ್ರ ಉಳಿಯಬಲ್ಲದು. ಸಾಯುವ ಮುನ್ನ ಆ ಜನ ಬದುಕಲು ಏನೆಲ್ಲ ಹುಡುಕಿ ತಿಂದರು ಎಂಬುದಕ್ಕಂತೂ ಅದು ಸಾಕ್ಷಿ.

ರೈಲು ಮತ್ತು ರಸ್ತೆ

ದುರಂತ ನಡೆದ ಇಪ್ಪತ್ತು ವರ್ಷದೊಳಗೆ ಅದೇ ಕಣಿವೆಯಲ್ಲಿ ರೈಲು ಮಾರ್ಗದ ಕೆಲಸ ಶುರುವಾಯಿತು. ಕರಿಕಲ್ಲಿನಲ್ಲಿ ಸುರಂಗ ಕೊರೆದವರು ಬಹುಪಾಲು ಚೀನೀ ಕೂಲಿಗಳು. 1866-67ರ ಚಳಿಗಾಲದಲ್ಲಿ 44 ಬಿರುಗಾಳಿಗಳು ಬಂದವೆಂದು ಲೆಕ್ಕ ಇದೆ. ಕೂಲಿಗಳು ಹಿಮದಡಿಯ ಬಿಲಗಳಲ್ಲೇ ಓಡಾಡಿ ಕೆಲಸ ಮಾಡಿದರು, ಹಿಮಕುಸಿತದಲ್ಲಿ ಸತ್ತರು. ಮಾರ್ಗ ಮುಗಿದ ಮೇಲೆ ಹಳಿಗಳಿಗೆ ಮೈಲಿಗಟ್ಟಲೆ ಮರದ ಚಾವಣಿ ಹಾಕಬೇಕಾಯಿತು.

ಅಷ್ಟಾದರೂ ಬೆಟ್ಟ ಸೋಲಲಿಲ್ಲ. 1952ರ ಜನವರಿಯಲ್ಲಿ 'ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೊ' ಎಂಬ ಐಷಾರಾಮಿ ರೈಲು 226 ಮಂದಿಯೊಂದಿಗೆ ಹಿಮದಲ್ಲಿ ಹೂತು ಮೂರು ದಿನ ನಿಂತಿತು. ಈ ಬಾರಿ ಪ್ರಯಾಣಿಕರೆಲ್ಲ ಬದುಕಿ ಬಂದರು. ಕಣಿವೆಯ ಹತ್ತಿರವೇ 1946ರಲ್ಲಿ ಆರಂಭವಾದ ಹಿಮ ಪ್ರಯೋಗಾಲಯದ ದಾಖಲೆಯಲ್ಲಿ ಆ ಚಳಿಗಾಲದ ಹಿಮ 812 ಅಂಗುಲ, ಅಂದರೆ 67 ಅಡಿಗೂ ಹೆಚ್ಚು. 2022-23ರಲ್ಲಿ ಬಿದ್ದ 754 ಅಂಗುಲ ಎರಡನೆಯ ಸ್ಥಾನದಲ್ಲಿದೆ.

ಈಗ ಆ ಕಣಿವೆಯಲ್ಲಿ 80ನೇ ಸಂಖ್ಯೆಯ ಅಂತರರಾಜ್ಯ ಹೆದ್ದಾರಿ ಹಾದುಹೋಗುತ್ತದೆ. ಸ್ಯಾನ್ ಹೋಸೆ, ಫ್ರೀಮಾಂಟ್, ಸನ್ನಿವೇಲ್‌ಗಳಲ್ಲಿ ನೆಲೆಸಿರುವ ಕನ್ನಡಿಗರು ಊರಿನಿಂದ ಬಂದ ಅಪ್ಪ ಅಮ್ಮನಿಗೆ ಹಿಮ ತೋರಿಸಲು ಟಾಹೊಗೆ ಹೋಗುವುದೂ ಇದೇ ದಾರಿಯಲ್ಲಿ. ಬಿರುಗಾಳಿ ಬಂದಾಗ ಚಕ್ರಕ್ಕೆ ಸರಪಳಿ ಕಟ್ಟದೆ ವಾಹನ ಬಿಡುವುದಿಲ್ಲ. ಹೆಚ್ಚಾದರೆ ಹೆದ್ದಾರಿಯನ್ನೇ ಮುಚ್ಚುತ್ತಾರೆ. ಬೆಳಗ್ಗೆ ಮನೆ ಬಿಟ್ಟಾಗ ಬರೀ ಮಳೆ ಇತ್ತಲ್ಲ ಎಂದು ಅಚ್ಚರಿಪಡುವವರು ಇಂದಿಗೂ ಇದ್ದಾರೆ.

ಬಾರದಿದ್ದರೂ ಕಷ್ಟ

ಈ ಬಿರುಗಾಳಿಯನ್ನು ಬರೀ ಶತ್ರುವೆಂದು ಬಗೆದರೆ ಅರ್ಧ ಸತ್ಯವಷ್ಟೆ. ಕ್ಯಾಲಿಫೋರ್ನಿಯಾ ಬಳಸುವ ನೀರಿನಲ್ಲಿ ಸರಾಸರಿ ಶೇಕಡ 30ರಷ್ಟು ಸಿಯೆರಾದ ಹಿಮದಿಂದ ಬರುತ್ತದೆ. ಬೆಟ್ಟದ ಮೇಲಿನ ಹಿಮವೆಂದರೆ ಕಟ್ಟೆಯಿಲ್ಲದ ಕೆರೆ. ಚಳಿಗಾಲದಲ್ಲಿ ತುಂಬುತ್ತದೆ, ಮಳೆಯಿಲ್ಲದ ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕರಗಿ ನದಿಗೆ ಬಿಡುತ್ತದೆ.

ಅದು ತಡವಾದರೆ ಏನಾಗುತ್ತದೆ ಎಂಬುದನ್ನು 2018 ತೋರಿಸಿತು. ಆ ವರ್ಷ ಶರತ್ಕಾಲದ ಮಳೆ ನವೆಂಬರ್ ಬಂದರೂ ಇಳಿಯಲಿಲ್ಲ. ನವೆಂಬರ್ 8ರಂದು ಸಿಯೆರಾದ ತಪ್ಪಲಿನ ಪ್ಯಾರಡೈಸ್ ಊರಿನ ಬಳಿ ಕಾಡ್ಗಿಚ್ಚು ಹೊತ್ತಿತು. ಒಣಗಿದ ಕಾಡು, ಜೋರು ಗಾಳಿ. 85 ಮಂದಿ ಸತ್ತರು, ಊರು ಬಹುಮಟ್ಟಿಗೆ ಬೂದಿಯಾಯಿತು. ಎರಡು ವಾರದ ನಂತರ ಮಳೆ ಬಂದು ಬೆಂಕಿ ಹತೋಟಿಗೆ ಬಂತು. ಡಾನರ್ ತಂಡಕ್ಕೆ ಮೊದಲ ಬಿರುಗಾಳಿ ಬೇಗ ಬಂದದ್ದು ಮುಳುವಾಯಿತು, ಪ್ಯಾರಡೈಸ್ ಜನರಿಗೆ ತಡವಾದದ್ದು.

2021ರಲ್ಲಿ ಮತ್ತೊಂದು ಬಗೆ. ಸ್ಯಾಕ್ರಮೆಂಟೊದಲ್ಲಿ 212 ದಿನ ಹನಿ ಮಳೆ ಇರಲಿಲ್ಲ. ಅಕ್ಟೋಬರ್ 24ರಂದು ಒಂದೇ ದಿನ 5.44 ಅಂಗುಲ ಸುರಿದು ಅಲ್ಲಿನ ದಾಖಲೆ ಮುರಿಯಿತು. ಸಾಗರದ ಮೇಲಿನಿಂದ ಕಿರಿದಾದ ಪಟ್ಟಿಯಾಗಿ ಹರಿದುಬಂದ ತೇವದ ಪ್ರವಾಹ ಅದಕ್ಕೆ ಕಾರಣ. ಇಂಥದಕ್ಕೆ 'ವಾತಾವರಣದ ನದಿ' ಎಂಬ ಹೆಸರು ಚಾಲ್ತಿಗೆ ಬಂದದ್ದು 1990ರ ದಶಕದಲ್ಲಿ.

ಗೆರೆ ಮೇಲೇರುತ್ತಿದೆ

ಭೂಮಿ ಬಿಸಿಯಾಗುತ್ತಿರುವುದರಿಂದ ಹಿಮದ ಗೆರೆ ಮೇಲಕ್ಕೆ ಸರಿಯುತ್ತಿದೆ. ಹಿಂದೆ ಹಿಮ ಬೀಳುತ್ತಿದ್ದ ಎತ್ತರದಲ್ಲಿ ಈಗ ಮಳೆ ಬೀಳುವ ದಿನಗಳು ಹೆಚ್ಚುತ್ತಿವೆ. ಇದರಿಂದ ದಾರಿ ಸುಗಮವಾಗುತ್ತದಲ್ಲ ಎನ್ನುವಂತಿಲ್ಲ. ಹಿಮವಾಗಿ ಬಿದ್ದ ನೀರು ಜೂನ್‌ವರೆಗೆ ಕಾಯುತ್ತದೆ. ಮಳೆಯಾಗಿ ಬಿದ್ದದ್ದು ಅಂದೇ ಹರಿದು ಬರುತ್ತದೆ, ಮೊದಲೇ ಬಿದ್ದ ಹಿಮವನ್ನೂ ಕರಗಿಸಿಕೊಂಡು ಬರುತ್ತದೆ. 1997ರ ಹೊಸವರ್ಷದ ದಿನಗಳಲ್ಲಿ ಸಿಯೆರಾದ ನದಿಗಳಿಗೆ ಬಂದ ಮಹಾಪೂರ ಈ ಬಗೆಯದು. 2017ರ ಫೆಬ್ರುವರಿಯಲ್ಲಿ ಆರೊವಿಲ್ ಅಣೆಕಟ್ಟಿನ ಕೋಡಿ ಕೊಚ್ಚಿಹೋಗುವ ಭೀತಿಯಿಂದ 1 ಲಕ್ಷ 80 ಸಾವಿರಕ್ಕೂ ಹೆಚ್ಚು ಜನರನ್ನು ಮನೆ ಬಿಡಿಸಬೇಕಾಯಿತು. ಹೀಗಾಗಿ ಇಂದಿನ ಮುನ್ಸೂಚನೆಯಲ್ಲಿ ಮಳೆ ಎಷ್ಟು ಎಂಬುದರಷ್ಟೇ ಹಿಮದ ಗೆರೆ ಎಷ್ಟು ಅಡಿ ಎಂಬುದೂ ಮುಖ್ಯ.

ಡಾನರ್ ಸರೋವರದ ಬಳಿ 1918ರಲ್ಲಿ ಅನಾವರಣಗೊಂಡ ಸ್ಮಾರಕವಿದೆ. ಅದರ ಕಲ್ಲಿನ ಪೀಠದ ಎತ್ತರ 22 ಅಡಿ. ಆ ಚಳಿಗಾಲದ ಹಿಮ ಅಷ್ಟು ಎತ್ತರಕ್ಕೆ ಬಿದ್ದಿತ್ತು ಎಂಬುದರ ಗುರುತಿಗೆ ಅಷ್ಟೆತ್ತರ ಕಟ್ಟಿದ್ದಾರೆ. ಪೀಠದ ತುದಿಯಲ್ಲಿ ಒಂದು ವಲಸಿಗ ಸಂಸಾರದ ಕಂಚಿನ ಪ್ರತಿಮೆ. ಗಂಡಸು ಹಣೆಗೆ ಕೈ ಇಟ್ಟು ದೂರಕ್ಕೆ ನೋಡುತ್ತಿದ್ದಾನೆ.

ರೀಡ್‌ನ ಮನೆಯ ಹಿರಿಯ ಹುಡುಗಿ ವರ್ಜೀನಿಯಾಗೆ ಆಗ 13 ವರ್ಷ. ಬದುಕಿ ಬಂದ ಮೇಲೆ ಅವಳು ಊರಿನ ಬಂಧುವಿಗೆ ಒಂದು ಕಾಗದ ಬರೆದಳು. ಪಟ್ಟ ಪಾಡನ್ನೆಲ್ಲ ಹೇಳಿ, ಮುಂದೆ ಬರುವವರಿಗೆ ಎರಡೇ ಬುದ್ಧಿಮಾತು ಕೊಟ್ಟಳು. ಹತ್ತಿರದ ದಾರಿ ಎಂಬುದನ್ನು ನಂಬಬೇಡಿ, ಆದಷ್ಟು ಬೇಗ ಬನ್ನಿ ಎಂದು. ಜೆಟ್ ಪ್ರವಾಹ, ವಾಯುಭಾರ ಕುಸಿತ, ಹಿಮದ ಗೆರೆ ಎಂಬ ಮಾತುಗಳನ್ನು ಆ ಹುಡುಗಿ ಕೇಳಿರಲಿಲ್ಲ. ಆದರೂ ಆ ಘಟ್ಟ ದಾಟುವವರಿಗೆ ಬೇಕಾದ ಹವಾಮಾನ ವರದಿ ಅವಳ ಕಾಗದದಲ್ಲಿತ್ತು.